ಒರಾಕಲ್ ಡೇಟಾಬೇಸ್ ಹಾಕುವ ಮೊದಲು ಲಿನಕ್ಸ್ ಸರ್ವರ್ ಸಜ್ಜು ಮಾಡುವುದು ಹೇಗೆ?

"ಸರ್, ಇನ್‌ಸ್ಟಾಲರ್ ಕೆಂಪು ತೋರಸಾಕತ್ತೈತ್ರಿ. ಇಗ್ನೋರ್ ಆಲ್ ಒತ್ತಿ ಮುಂದ ಹೋಗಲೇನ್ರಿ?"

ಹುಬ್ಬಳ್ಳಿ ಗೋಕುಲ ರಸ್ತೆಯ ಕಂಪನಿಗಳಲ್ಲಿ ಕೆಲಸ ಮಾಡುವವರು ಇದನ್ನು ಕೇಳುತ್ತಾರೆ. ತಾರಿಹಾಳದ ಕಾರ್ಖಾನೆಗಳಲ್ಲಿ ಒಬ್ಬರೇ ಇಡೀ ಐಟಿ ನೋಡಿಕೊಳ್ಳುವವರೂ ಕೇಳುತ್ತಾರೆ. ಧಾರವಾಡದ ಕಾಲೇಜು ಹುಡುಗರಂತೂ ದಿನಾ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ: ಒತ್ತಬೇಡಿ. ಆ ಕೆಂಪು ಗುರುತು ಬಂದದ್ದು ಒರಾಕಲ್‌ನ ತಪ್ಪಿನಿಂದಲ್ಲ, ಕೆಳಗಿನ ಲಿನಕ್ಸ್ ಇನ್ನೂ ಸಿದ್ಧವಾಗಿಲ್ಲ ಅಂತ. ಈಗ ಮುಚ್ಚಿಟ್ಟರೆ ಡೇಟಾಬೇಸ್ ಮೇಲೆ ಭಾರ ಬಿದ್ದ ದಿನ ಅದೇ ತೊಂದರೆ ಬೇರೆ ಹೆಸರಿನಲ್ಲಿ ಎದುರಾಗುತ್ತದೆ.

ಇದಕ್ಕೆಲ್ಲ ಒಂದು ರೆಡಿ ಪ್ಯಾಕೇಜ್ ಇದೆಯಲ್ಲ, ಅದನ್ನು ಹಾಕಿದರೆ ಮುಗೀತಲ್ವಾ ಅಂತ ಕೇಳುವವರೂ ಜಾಸ್ತಿ. ಅರ್ಧ ನಿಜ. ಆ ಪ್ಯಾಕೇಜ್ ಬಹಳ ಕೆಲಸ ಮಾಡುತ್ತದೆ. ಆದರೆ ಜನ ಎಡವುವುದು ಅದು ಮುಟ್ಟದ ಜಾಗಗಳಲ್ಲೇ. ಹಾಗಾಗಿ ಈ ಲೇಖನದಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಮಾಮೂಲಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲು ಎರಡು ತೀರ್ಮಾನ

ಯಾವ ಲಿನಕ್ಸ್? ಒರಾಕಲ್ ಡೇಟಾಬೇಸ್‌ನ 19ಸಿ ಆವೃತ್ತಿ ಹಾಕುವುದಾದರೆ ಒರಾಕಲ್ ಲಿನಕ್ಸ್ 8 ಆರಿಸಿಕೊಳ್ಳಿ ಅಂತ ನನ್ನ ಸಲಹೆ. ಡೌನ್‌ಲೋಡ್ ಮಾಡಿ ಬಳಸಲು ದುಡ್ಡು ಕೊಡಬೇಕಿಲ್ಲ. ರೆಡ್ ಹ್ಯಾಟ್ ಇದ್ದರೂ ನಡೆಯುತ್ತದೆ, ಅದಕ್ಕೆ ಚಂದಾ ಬೇಕು. ಒರಾಕಲ್ ಲಿನಕ್ಸ್ 9 ಬೇಕೇ ಬೇಕು ಅಂದರೆ ಡೇಟಾಬೇಸ್ 19.19 ಅಥವಾ ಅದಕ್ಕಿಂತ ಮೇಲಿನ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಮಟ್ಟದಲ್ಲಿರಬೇಕು. ಉಬುಂಟು ಬಗ್ಗೆ ಕೇಳಬೇಡಿ. ಒತ್ತಾಯದಿಂದ ಹಾಕಿದವರಿದ್ದಾರೆ, ಆದರೆ ಒರಾಕಲ್ ಅದಕ್ಕೆ ಬೆಂಬಲ ಕೊಡುವುದಿಲ್ಲ. ಹಳೆಯ ಸೆಂಟ್‌ಒಎಸ್ 7 ಮಷೀನು ಖಾಲಿ ಬಿದ್ದಿದೆ, ಅದರ ಮೇಲೆ ಹಾಕೋಣ ಅನ್ನುವವರೇ, ಅದರ ಅವಧಿ 2024ರ ಜೂನ್ 30ಕ್ಕೇ ಮುಗಿದಿದೆ. ಸೆಕ್ಯುರಿಟಿ ಅಪ್‌ಡೇಟ್ ಬರದ ಲಿನಕ್ಸ್ ಮೇಲೆ ಕಂಪನಿಯ ಲೆಕ್ಕಪತ್ರ ಇಡುವುದು ಬೇಡ.

ಎರಡನೆಯದು ಲೈಸೆನ್ಸ್. ಒರಾಕಲ್ ವೆಬ್‌ಸೈಟ್‌ನಿಂದ ಎಂಟರ್‌ಪ್ರೈಸ್ ಎಡಿಷನ್ ಪುಕ್ಕಟೆ ಇಳಿಸಿಕೊಳ್ಳಬಹುದು ಅಂದ ಮಾತ್ರಕ್ಕೆ ವ್ಯಾಪಾರಕ್ಕೆ ಪುಕ್ಕಟೆ ಬಳಸಬಹುದು ಅಂತಲ್ಲ. ಆ ಅನುಮತಿ ಇರುವುದು ಕಲಿಯಲು, ಪ್ರೋಗ್ರಾಂ ಬರೆಯಲು, ಪರೀಕ್ಷಿಸಲು ಮಾತ್ರ. ಬಿಲ್ಲಿಂಗ್‌ಗೆ ಬಳಸುವಂತಿದ್ದರೆ ಲೈಸೆನ್ಸ್ ಕೊಳ್ಳಬೇಕು. ಸಣ್ಣ ಸಂಸ್ಥೆಗಳಿಗೆ ಸ್ಟ್ಯಾಂಡರ್ಡ್ ಎಡಿಷನ್ 2 ಸಾಕಾಗಬಹುದು. ಅದನ್ನು 2 ಸಾಕೆಟ್‌ಗಿಂತ (ಪ್ರೊಸೆಸರ್ ಕೂರಿಸುವ ಜಾಗ) ದೊಡ್ಡ ಸರ್ವರ್ ಮೇಲೆ ಹಾಕುವಂತಿಲ್ಲ, ಮತ್ತು ಅದು ಒಮ್ಮೆಗೆ 16 ಸಿಪಿಯು ಥ್ರೆಡ್ ಮಾತ್ರ ಬಳಸುತ್ತದೆ. ಡೇಟಾ ತೀರಾ ಕಡಿಮೆ ಇದ್ದರೆ ಪೂರ್ತಿ ಉಚಿತವಾದ ಎಕ್ಸ್‌ಪ್ರೆಸ್ ಎಡಿಷನ್ 21ಸಿ ನೋಡಿ. ಅದಕ್ಕೆ 2 ಸಿಪಿಯು ಥ್ರೆಡ್, 2 ಜಿಬಿ ರ‍್ಯಾಮ್, 12 ಜಿಬಿ ಡೇಟಾ ಮಿತಿ.

1. ಮಷೀನಿನ ಅಳತೆ

ಒರಾಕಲ್ ಪ್ರಕಾರ ಕನಿಷ್ಠ ರ‍್ಯಾಮ್ 1 ಜಿಬಿ, ಇದ್ದರೆ ಒಳ್ಳೆಯದು ಅನ್ನುವುದು 2 ಜಿಬಿ. ಇದು ಬರೀ ಕಾಗದದ ಮಾತು. ಕಲಿಯುವ ವರ್ಚುವಲ್ ಮಷೀನಿಗೂ 4 ಜಿಬಿ ಕೊಡಿ. ನಿಜವಾದ ಕೆಲಸಕ್ಕೆ 16 ಜಿಬಿಗಿಂತ ಕಡಿಮೆ ಬೇಡ.

ಸ್ವಾಪ್ ಅಂದರೆ ರ‍್ಯಾಮ್ ತುಂಬಿದಾಗ ಲಿನಕ್ಸ್ ಡಿಸ್ಕ್‌ನಲ್ಲಿ ಬಳಸಿಕೊಳ್ಳುವ ಜಾಗ. ಇದಕ್ಕೆ ಒರಾಕಲ್ ಲೆಕ್ಕ ಹೀಗಿದೆ: ರ‍್ಯಾಮ್ 2 ಜಿಬಿವರೆಗೆ ಇದ್ದರೆ ಅದರ ಒಂದೂವರೆ ಪಟ್ಟು, 2ರಿಂದ 16 ಜಿಬಿ ಇದ್ದರೆ ರ‍್ಯಾಮ್‌ನಷ್ಟೇ, 16 ಜಿಬಿ ದಾಟಿದರೆ 16 ಜಿಬಿ ಸಾಕು. "ಫ್ರೀ ಹೈಫನ್ ಎಚ್" ಕೊಟ್ಟು ನೋಡಿ. ಕ್ಲೌಡ್‌ನಿಂದ ತಂದ ಮಷೀನಿನಲ್ಲಿ ಸ್ವಾಪ್ ಸೊನ್ನೆ ಇರುವುದು ಮಾಮೂಲು. ಆಗ "ಡಿಡಿ" ಕಮಾಂಡ್‌ನಿಂದ ಒಂದು ಫೈಲ್ ಮಾಡಿ, ಅನುಮತಿ 600ಕ್ಕೆ ಇಳಿಸಿ, "ಎಂಕೆಸ್ವಾಪ್", "ಸ್ವಾಪ್‌ಆನ್" ಕೊಡಿ. ಆಮೇಲೆ /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಸೇರಿಸಿ. ಈ ಕೊನೆಯ ಸಾಲನ್ನೇ ಜನ ಮರೆಯುತ್ತಾರೆ. ಮರೆತರೆ ರೀಬೂಟ್ ಆದ ಮೇಲೆ ಸ್ವಾಪ್ ಮಾಯ.

/ಟಿಎಂಪಿಯಲ್ಲಿ ಕನಿಷ್ಠ 1 ಜಿಬಿ ಖಾಲಿ ಇರಲಿ. ಸುರಕ್ಷತೆಗೆಂದು ಕೆಲವರು ಅದನ್ನು "ನೋಎಕ್ಸೆಕ್" ಆಯ್ಕೆಯಲ್ಲಿ ಮೌಂಟ್ ಮಾಡಿರುತ್ತಾರೆ. ಅಂದರೆ ಅಲ್ಲಿಂದ ಯಾವ ಪ್ರೋಗ್ರಾಮೂ ಓಡುವುದಿಲ್ಲ, ಇನ್‌ಸ್ಟಾಲರ್ ಕೂಡ ಶುರುವಿನಲ್ಲೇ ಬಿದ್ದುಹೋಗುತ್ತದೆ. ಒರಾಕಲ್ ಯೂಸರ್‌ಗೆ "ಟಿಎಂಪಿ" ಮತ್ತು "ಟಿಎಂಪಿಡಿಐಆರ್" ಅನ್ನುವ ಎರಡು ವೇರಿಯಬಲ್‌ನಲ್ಲಿ ಬೇರೆ ಜಾಗ ತೋರಿಸಿದರೆ ಸರಿಹೋಗುತ್ತದೆ.

2. ಡಿಸ್ಕ್ ಹಂಚಿಕೆ

ಇದನ್ನು ಯಾವ ಪ್ಯಾಕೇಜೂ ಮಾಡಿಕೊಡುವುದಿಲ್ಲ. ಆಮೇಲೆ ತಿದ್ದುವುದೂ ಕಷ್ಟ.

ಎಲ್ಲವನ್ನೂ ರೂಟ್ ವಿಭಾಗದಲ್ಲೇ, ಅಂದರೆ ಲಿನಕ್ಸ್ ಕೂತಿರುವ ಡಿಸ್ಕ್ ಭಾಗದಲ್ಲೇ, ತುರುಕಬೇಡಿ. ಒರಾಕಲ್ ಸುಮ್ನೆ ಕೂತಿದ್ದರೂ ಲಿಸನರ್ ಲಾಗ್, ಟ್ರೇಸ್ ಫೈಲ್, ಆಡಿಟ್ ಫೈಲ್ ಅಂತ ತನ್ನ ದಾಖಲೆಗಳನ್ನು ಬರೆಯುತ್ತಲೇ ಇರುತ್ತದೆ. ರೂಟ್ ತುಂಬಿದರೆ ಡೇಟಾಬೇಸ್ ಜೊತೆಗೆ ಲಿನಕ್ಸೂ ಉಸಿರು ಕಟ್ಟುತ್ತದೆ, ಲಾಗಿನ್ ಆಗುವುದೇ ಕಷ್ಟವಾಗುತ್ತದೆ. ಎಲ್‌ವಿಎಂ ಬಳಸಿ, ಅಂದರೆ ಡಿಸ್ಕ್ ಜಾಗವನ್ನು ಆಮೇಲೂ ಹಿಗ್ಗಿಸಬಹುದಾದ ತುಂಡುಗಳಾಗಿ ಹಂಚುವ ವ್ಯವಸ್ಥೆ. ಮೂರು ತುಂಡು ಮಾಡಿ:

- /ಯು01: ಒರಾಕಲ್ ಸಾಫ್ಟ್‌ವೇರ್‌ಗೆ. ಸಾಫ್ಟ್‌ವೇರ್‌ಗೆ ಬೇಕಾಗುವುದು 7 ಜಿಬಿ ಚಿಲ್ಲರೆ, ಆದರೆ 50 ಜಿಬಿ ಇಡಿ. ಪ್ಯಾಚ್ ಹಾಕುವಾಗ ಹಳೆಯ ಪ್ರತಿಯೂ ಹೊಸ ಪ್ರತಿಯೂ ಅಕ್ಕಪಕ್ಕ ಇರಬೇಕಾಗುತ್ತದೆ.
- /ಯು02: ಡೇಟಾ ಫೈಲ್‌ಗಳಿಗೆ.
- /ಯು03: ಬ್ಯಾಕಪ್ ಮತ್ತು ಆರ್ಕೈವ್ ಲಾಗ್‌ಗೆ. ಡೇಟಾಬೇಸ್‌ನಲ್ಲಿ ಆದ ಪ್ರತಿ ಬದಲಾವಣೆಯ ದಾಖಲೆಯನ್ನು ಕಾಪಿಟ್ಟ ಫೈಲ್‌ಗಳೇ ಆರ್ಕೈವ್ ಲಾಗ್. ಈ ಜಾಗ ತುಂಬಿದರೆ "ಒಆರ್‌ಎ 00257" ಅಂತ ಎರರ್ ಬಂದು ಇಡೀ ಡೇಟಾಬೇಸ್ ನಿಂತುಹೋಗುತ್ತದೆ.

/ಯು02 ಮತ್ತು /ಯು03 ಬೇರೆ ಬೇರೆ ಡಿಸ್ಕ್ ಮೇಲಿರಬೇಕು. ಒಂದೇ ಡಿಸ್ಕ್‌ನಲ್ಲಿ ಎರಡು ವಿಭಾಗ ಮಾಡಿ ಬ್ಯಾಕಪ್ ಇದೆ ಅಂತ ನಿಶ್ಚಿಂತೆಯಿಂದಿರುವವರು ಬಹಳ. ಡಿಸ್ಕ್ ಹೋದರೆ ಎರಡೂ ಹೋದವು. ಫೈಲ್ ಸಿಸ್ಟಂ ಎಕ್ಸ್‌ಎಫ್‌ಎಸ್ ಇರಲಿ, ಒರಾಕಲ್ ಲಿನಕ್ಸ್ 8 ಹೇಗೂ ಅದನ್ನೇ ಕೊಡುತ್ತದೆ.

ನಮ್ಮ ಕಡೆ ಸಣ್ಣ ಆಫೀಸ್‌ಗಳಲ್ಲಿ ಸರ್ವರ್ ಅಂದರೆ ಮೂಲೆಯಲ್ಲಿ ಇಟ್ಟ ಟವರ್ ಮಷೀನು. ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋಗುವುದು ಗ್ಯಾರಂಟಿ. ಯುಪಿಎಸ್ ಇಲ್ಲದೆ ಮುಂದಿನ ಹಂತಕ್ಕೆ ಹೋಗಬೇಡಿ. ಯುಪಿಎಸ್ ಇದ್ದರೂ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ ಅಂತ ಒಮ್ಮೆ ಪ್ಲಗ್ ಕಿತ್ತು ನೋಡಿ. ಈ ಪರೀಕ್ಷೆ ಡೇಟಾಬೇಸ್ ಹಾಕುವ ಮೊದಲೇ ಆಗಲಿ.

3. ಹೆಸರು, ವಿಳಾಸ, ಗಡಿಯಾರ

ಸರ್ವರ್‌ಗೆ ಬದಲಾಗದ ಐಪಿ ವಿಳಾಸ ಕೊಡಿ. ರೂಟರ್ ತಾನಾಗಿ ಹಂಚುವ ವಿಳಾಸ ನಾಳೆ ಬದಲಾದರೆ ಯಾವ ಕೌಂಟರ್‌ನಿಂದಲೂ ಡೇಟಾಬೇಸ್ ಸಿಗುವುದಿಲ್ಲ. ಹೆಸರನ್ನು "ಹೋಸ್ಟ್‌ನೇಮ್‌ಸಿಟಿಎಲ್" ಕಮಾಂಡ್‌ನಿಂದ ಇಡಿ. ಹೆಸರಿನಲ್ಲಿ ಅಂಡರ್‌ಸ್ಕೋರ್ ಬೇಡ.

ಆಮೇಲೆ /ಇಟಿಸಿ/ಹೋಸ್ಟ್ಸ್ ಫೈಲ್ ತೆಗೆದು ನಿಜವಾದ ಐಪಿ, ಪೂರ್ತಿ ಹೆಸರು, ಚಿಕ್ಕ ಹೆಸರು ಇರುವ ಒಂದು ಸಾಲು ಸೇರಿಸಿ. ಇಲ್ಲೊಂದು ಹಳ್ಳ ಇದೆ. ಕೆಲವರು ಸರ್ವರ್ ಹೆಸರನ್ನು 127.0.0.1 ಇರುವ ಸಾಲಿಗೇ ಅಂಟಿಸುತ್ತಾರೆ. ಇನ್‌ಸ್ಟಾಲ್ ಚೆನ್ನಾಗೇ ಆಗುತ್ತದೆ. ಸರ್ವರ್ ಒಳಗಿಂದ ಕನೆಕ್ಷನ್ನೂ ಸಿಗುತ್ತದೆ. ಆದರೆ ಲಿಸನರ್, ಅಂದರೆ ಹೊರಗಿನ ಕರೆಗಳಿಗೆ ಕಿವಿಗೊಡುವ ಪ್ರೋಗ್ರಾಂ, ತನ್ನ ಮಷೀನಿನ ಒಳಗಿನ ಕರೆಗೆ ಮಾತ್ರ ಓಗೊಡುತ್ತದೆ. ಜನ ಫೈರ್‌ವಾಲ್ ಬಯ್ಯುತ್ತಾ ಅರ್ಧ ದಿನ ಕಳೆಯುತ್ತಾರೆ.

"ಟೈಮ್‌ಡೇಟ್‌ಸಿಟಿಎಲ್" ಕಮಾಂಡ್‌ನಲ್ಲಿ ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಅಂತ ಇಡಿ. "ಕ್ರೋನಿ" ಸೇವೆ ಓಡುತ್ತಿರಲಿ, ಅದು ಗಡಿಯಾರವನ್ನು ಇಂಟರ್‌ನೆಟ್ ಸಮಯಕ್ಕೆ ಹೊಂದಿಸುತ್ತದೆ. ಡೇಟಾ ತುಂಬಿದ ಮೇಲೆ ಟೈಮ್‌ಜೋನ್ ಬದಲಿಸಿದರೆ ಬಿಲ್‌ಗಳ ಸಮಯ ಐದೂವರೆ ಗಂಟೆ ಆಚೀಚೆ ಆಗುತ್ತದೆ.

4. ಪ್ರಿಇನ್‌ಸ್ಟಾಲ್ ಪ್ಯಾಕೇಜ್

ಈಗ ಆ ರೆಡಿ ಪ್ಯಾಕೇಜ್. ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ, "ಡಿಎನ್‌ಎಫ್ ಇನ್‌ಸ್ಟಾಲ್ ಒರಾಕಲ್-ಡೇಟಾಬೇಸ್-ಪ್ರಿಇನ್‌ಸ್ಟಾಲ್-19ಸಿ" ಕೊಡಿ. ಬೇಕಾದ ಲೈಬ್ರರಿಗಳನ್ನೆಲ್ಲ ತರುತ್ತದೆ. ಒರಾಕಲ್ ಅನ್ನುವ ಯೂಸರ್ ಮಾಡುತ್ತದೆ. ಅದರ ಜೊತೆ ಒಇನ್‌ಸ್ಟಾಲ್, ಡಿಬಿಎ ಮೊದಲಾದ ಗುಂಪುಗಳನ್ನೂ ಮಾಡುತ್ತದೆ. ಒಇನ್‌ಸ್ಟಾಲ್ ಗುಂಪು ಸಾಫ್ಟ್‌ವೇರ್‌ನ ಒಡೆತನಕ್ಕೆ. ಡಿಬಿಎ ಗುಂಪಿನಲ್ಲಿದ್ದವರು ಪಾಸ್‌ವರ್ಡ್ ಇಲ್ಲದೆಯೇ ಡೇಟಾಬೇಸ್‌ನ ಯಜಮಾನರಾಗಿ ಒಳಗೆ ಹೋಗಬಹುದು. ಆದ್ದರಿಂದ ಆ ಗುಂಪಿಗೆ ಸಿಕ್ಕಸಿಕ್ಕವರನ್ನು ಸೇರಿಸಬೇಡಿ. ಕರ್ನಲ್ (ಲಿನಕ್ಸ್‌ನ ತಿರುಳು) ಸಂಖ್ಯೆಗಳನ್ನೂ ಯೂಸರ್ ಮಿತಿಗಳನ್ನೂ ಇದೇ ಪ್ಯಾಕೇಜ್ ಬರೆಯುತ್ತದೆ. ಏನೇನು ಬದಲಿಸಿತು ಅಂತ /ವಾರ್/ಲಾಗ್ ಒಳಗೆ ಅದರದೇ ಹೆಸರಿನ ಫೋಲ್ಡರ್‌ನಲ್ಲಿ ವರದಿ ಇರುತ್ತದೆ, ಓದಿ.

ರೆಡ್ ಹ್ಯಾಟ್‌ನವರಿಗೆ ಇದು ನೇರವಾಗಿ ಸಿಗುವುದಿಲ್ಲ. ಪ್ಯಾಕೇಜ್‌ಗಳನ್ನು ಇಟ್ಟಿರುವ ಒರಾಕಲ್‌ನ ಯಮ್ ಸರ್ವರ್‌ನಿಂದ ಅದರ ಆರ್‌ಪಿಎಂ ಫೈಲ್ ಇಳಿಸಿಕೊಂಡು ಹಾಕಬೇಕು.

ಒರಾಕಲ್ ಯೂಸರ್‌ಗೆ ಪಾಸ್‌ವರ್ಡ್ ಇಡುವುದು ನಿಮ್ಮ ಕೆಲಸ. ಸ್ವಾಪ್, ಡಿಸ್ಕ್, ಹೋಸ್ಟ್ಸ್ ಫೈಲ್, ಫೈರ್‌ವಾಲ್, ಹ್ಯೂಜ್‌ಪೇಜ್ (6ನೇ ಭಾಗ ನೋಡಿ) ಇವಾವುದನ್ನೂ ಈ ಪ್ಯಾಕೇಜ್ ಮುಟ್ಟುವುದಿಲ್ಲ.

5. ಕರ್ನಲ್ ಸಂಖ್ಯೆಗಳು: ಕಾಪಿ ಮಾಡಿದರೆ ಸಾಲದು

ಪ್ಯಾಕೇಜ್ ಬರೆದಾಗಿದೆ, ಮತ್ತೆ ಯಾಕೆ ನೋಡಬೇಕು? ಹಳೆಯ ಸರ್ವರ್‌ನಲ್ಲಿ ಮೊದಲೇ ಯಾರೋ ಏನೋ ಬರೆದಿಟ್ಟಿರುತ್ತಾರೆ. ಯಾವ ಸಂಖ್ಯೆ ಗೆದ್ದಿತು ಅಂತ ಗೊತ್ತಾಗಬೇಕು. "ಸಿಸ್‌ಸಿಟಿಎಲ್ ಹೈಫನ್ ಎ" ಕೊಟ್ಟು ಈ ಮೂರನ್ನಾದರೂ ನೋಡಿ.

ಶೆಮ್‌ಮ್ಯಾಕ್ಸ್: ಹಂಚಿಕೊಂಡು ಬಳಸುವ ಮೆಮೊರಿಯ ಒಂದು ತುಂಡು ಎಷ್ಟು ದೊಡ್ಡದಿರಬಹುದು ಅಂತ ಹೇಳುತ್ತದೆ. ಲೆಕ್ಕ ಬೈಟ್‌ಗಳಲ್ಲಿ. ಪ್ಯಾಕೇಜ್ ಇಡುವುದು 4398046511104, ಅಂದರೆ 4 ಟಿಬಿ.

ಶೆಮ್‌ಆಲ್: ಅಂಥ ಎಲ್ಲ ತುಂಡು ಸೇರಿ ಎಷ್ಟು ಅಂತ ಹೇಳುತ್ತದೆ. ಆದರೆ ಇದರ ಲೆಕ್ಕ ಬೈಟ್‌ನಲ್ಲಲ್ಲ, ಪೇಜ್‌ಗಳಲ್ಲಿ. ಪೇಜ್ ಅಂದರೆ ಮೆಮೊರಿಯ 4 ಕೆಬಿ ಚೂರು. ಪ್ಯಾಕೇಜ್ ಇಡುವ 1073741824ನ್ನು 4 ಕೆಬಿಯಿಂದ ಗುಣಿಸಿ, ಅದೇ 4 ಟಿಬಿ ಬರುತ್ತದೆ. ಎರಡರ ಅಳತೆಯನ್ನೂ ಬೈಟ್ ಅಂದುಕೊಂಡು ಶೆಮ್‌ಆಲ್ ಅನ್ನು ತಿದ್ದಲು ಹೋಗಿ ಗೊಂದಲ ಮಾಡಿಕೊಂಡ ಸರ್ವರ್‌ಗಳು ಆಗಾಗ ಸಿಗುತ್ತವೆ.

ಸೆಮ್: ಇದರಲ್ಲಿ ನಾಲ್ಕು ಸಂಖ್ಯೆ ಇವೆ, 250 32000 100 128. ಒರಾಕಲ್‌ನ ನೂರಾರು ಪ್ರೋಸೆಸ್‌ಗಳು ಒಂದರ ಮೇಲೊಂದು ಬೀಳದಂತೆ ಸರದಿ ನೋಡಿಕೊಳ್ಳಲು ಸೆಮಾಫೋರ್ ಅನ್ನುವ ಗುರುತುಗಳನ್ನು ಬಳಸುತ್ತವೆ. ಒಂದು ಗುಂಪಿನಲ್ಲಿ 250, ಒಟ್ಟು 128 ಗುಂಪು. ಗುಣಿಸಿದರೆ 32000, ಅದೇ ಎರಡನೇ ಸಂಖ್ಯೆ. ಒಂದನ್ನು ಏರಿಸಿದರೆ ಇನ್ನೊಂದನ್ನೂ ಹೊಂದಿಸಬೇಕು ಅಂತ ಈಗ ತಿಳಿಯಿತಲ್ವಾ?

ಇಲ್ಲಿನ ಎಚ್ಚರಿಕೆ ಮುಖ್ಯ. ಸೆಮಾಫೋರ್ ಸಾಲದೆ ಹೋದಾಗ ಒರಾಕಲ್ "ಒಆರ್‌ಎ 27300" ತೋರಿಸುತ್ತದೆ. ಅದರ ಕೆಳಗೆ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂತ ಇರುತ್ತದೆ. ಓದಿದವರು ಡಿಸ್ಕ್ ತುಂಬಿದೆ ಅಂದುಕೊಂಡು ಹಳೆಯ ಫೈಲ್ ಅಳಿಸಲು ಶುರು ಮಾಡುತ್ತಾರೆ. ಡಿಸ್ಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ! ಲಿನಕ್ಸ್‌ನಲ್ಲಿ ಎರಡಕ್ಕೂ 28 ಅನ್ನುವ ಒಂದೇ ಎರರ್ ನಂಬರ್, ಅಷ್ಟೇ. ಶೆಮ್‌ಆಲ್ ಕಡಿಮೆಯಾದಾಗ "ಒಆರ್‌ಎ 27102" ಜೊತೆಗೂ ಇದೇ ಮಾತು ಬರುತ್ತದೆ. ಹೀಗೆ ಕಂಡರೆ ಮೇಲಿನ ಸಾಲಿನಲ್ಲಿ "ಸೆಮ್‌ಗೆಟ್" ಅಂತಿದೆಯೇ ನೋಡಿ. ಇದ್ದರೆ ಒಂದು ಫೈಲನ್ನೂ ಅಳಿಸಬೇಡಿ.

6. ಹ್ಯೂಜ್‌ಪೇಜ್

8 ಜಿಬಿ ರ‍್ಯಾಮ್‌ನ ಕಲಿಕೆ ಮಷೀನಿನವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಉಳಿದವರು ನಿಧಾನವಾಗಿ ಓದಿ.

ಎಸ್‌ಜಿಎ ಅಂದರೆ ಡೇಟಾಬೇಸ್‌ನ ಎಲ್ಲ ಪ್ರೋಸೆಸ್‌ಗಳೂ ಹಂಚಿಕೊಂಡು ಬಳಸುವ ದೊಡ್ಡ ಮೆಮೊರಿ ಜಾಗ. ನಿಮ್ಮ ಸರ್ವರ್‌ನಲ್ಲಿ ಎಸ್‌ಜಿಎ 16 ಜಿಬಿ ಅಂದುಕೊಳ್ಳಿ. 4 ಕೆಬಿ ಚೂರುಗಳಲ್ಲಿ ಅದು ಸುಮಾರು 42 ಲಕ್ಷ ಪೇಜ್. ಯಾವ ಪೇಜ್ ಎಲ್ಲಿದೆ ಅಂತ ಲಿನಕ್ಸ್ ಪ್ರತಿ ಪ್ರೋಸೆಸ್‌ಗೂ ಒಂದು ಪಟ್ಟಿ ಇಡುತ್ತದೆ. ಪಟ್ಟಿಯ ಒಂದೊಂದು ಸಾಲಿಗೆ 8 ಬೈಟ್. ಒಂದು ಪ್ರೋಸೆಸ್ ಇಡೀ ಎಸ್‌ಜಿಎ ಮುಟ್ಟಿದರೆ ಅದರ ಪಟ್ಟಿಗೇ 32 ಎಂಬಿ ಬೇಕು. 200 ಕನೆಕ್ಷನ್ ಇದ್ದರೆ? 6 ಜಿಬಿಗಿಂತ ಜಾಸ್ತಿ ರ‍್ಯಾಮ್ ಬರೀ ಪಟ್ಟಿಗೇ ಹೋಯಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯನ್ನು ಚೀಲದ ಲೆಕ್ಕದಲ್ಲಿ ಬರೆದುಕೊಳ್ಳದೆ ಒಂದೊಂದೇ ಕಾಯಿ ಎಣಿಸಿ ಬರೆದ ಹಾಗೆ.

ಹ್ಯೂಜ್‌ಪೇಜ್‌ನಲ್ಲಿ ಒಂದು ಚೂರು 2 ಎಂಬಿ. ಅದೇ 16 ಜಿಬಿಗೆ 8192 ಪೇಜ್ ಸಾಕು. /ಇಟಿಸಿ/ಸಿಸ್‌ಸಿಟಿಎಲ್.ಡಿ ಒಳಗೆ ನಿಮ್ಮದೇ ಒಂದು ಫೈಲ್ ಮಾಡಿ "ವಿಎಂ.ಎನ್‌ಆರ್_ಹ್ಯೂಜ್‌ಪೇಜಸ್" ಮುಂದೆ 8200 ಅಂತ ಬರೆಯಿರಿ. ನಾಲ್ಕಾರು ಹೆಚ್ಚಿಗೆ ಇರಲಿ, ಆದರೆ ಕೈ ಬಿಚ್ಚಿ ಕೊಡಬೇಡಿ. ಹೀಗೆ ಕಾದಿಟ್ಟ ಮೆಮೊರಿಯನ್ನು ಬೇರೆ ಸಾಮಾನ್ಯ ಪ್ರೋಗ್ರಾಂ ಬಳಸಲಾರದು. ಎಸ್‌ಜಿಎಗಿಂತ ಬಹಳ ಜಾಸ್ತಿ ಇಟ್ಟರೆ ಅಷ್ಟು ರ‍್ಯಾಮ್ ದಂಡ.

ಮೂರು ಕಡೆ ಎಡವುತ್ತಾರೆ.

ಹೆಸರು ಹೋಲುವ ಇನ್ನೊಂದಿದೆ, ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್. ಇದು ಲಿನಕ್ಸ್ ತನ್ನಷ್ಟಕ್ಕೇ ಓಡುತ್ತಿರುವಾಗಲೇ ಪೇಜ್‌ಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ. ಅದರಿಂದ ಡೇಟಾಬೇಸ್ ಆಗಾಗ ತಡವರಿಸುತ್ತದೆ. ಆದ್ದರಿಂದ ಒರಾಕಲ್ ಅದನ್ನು ಆಫ್ ಮಾಡಿ ಅನ್ನುತ್ತದೆ. ಪ್ರಿಇನ್‌ಸ್ಟಾಲ್ ಪ್ಯಾಕೇಜ್ ಬೂಟ್ ಸಾಲಿನಲ್ಲಿ ಇದಕ್ಕೆ "ನೆವರ್" ಅಂತ ಸೇರಿಸುತ್ತದೆ. ಆದರೆ ರೀಬೂಟ್ ಮಾಡುವ ತನಕ ಅದು ಜಾರಿಗೆ ಬರುವುದಿಲ್ಲ. ಮಾಮೂಲಿ ಹ್ಯೂಜ್‌ಪೇಜ್ ಬೇಕು, ಟ್ರಾನ್ಸ್‌ಪರೆಂಟ್ ಬೇಡ. ಎರಡನ್ನೂ ಕಲಸಬೇಡಿ.

"ಮೆಮೊರಿ_ಟಾರ್ಗೆಟ್" ಅನ್ನುವ ತಾನಾಗಿ ಮೆಮೊರಿ ಹಂಚುವ ಆಯ್ಕೆಗೂ ಹ್ಯೂಜ್‌ಪೇಜ್‌ಗೂ ಆಗಿಬರುವುದಿಲ್ಲ. ಡೇಟಾಬೇಸ್ ಸೃಷ್ಟಿಸುವಾಗ "ಎಸ್‌ಜಿಎ_ಟಾರ್ಗೆಟ್" ಬಳಸಿ.

ಇನ್ನು ಮೆಮ್‌ಲಾಕ್, ಅಂದರೆ ಒರಾಕಲ್ ಯೂಸರ್ ಎಷ್ಟು ಮೆಮೊರಿಯನ್ನು ಡಿಸ್ಕ್‌ಗೆ ಹೋಗದಂತೆ ಹಿಡಿದಿಟ್ಟುಕೊಳ್ಳಬಹುದು ಅನ್ನುವ ಮಿತಿ. ಇದು ರ‍್ಯಾಮ್‌ನ 90 ಶೇಕಡಾ ಆದರೂ ಇರಬೇಕು, ಮತ್ತು ಬರೆಯುವುದು ಕೆಬಿಯಲ್ಲಿ. ಪ್ಯಾಕೇಜ್ 134217728 ಇಡುತ್ತದೆ. ಅದು 128 ಜಿಬಿ, ಹೆಚ್ಚಿನವರಿಗೆ ಸಾಕು. ಅದಕ್ಕಿಂತ ದೊಡ್ಡ ಸರ್ವರ್ ಇದ್ದರೆ ಬರೆದ ಸಂಖ್ಯೆ ಸಾಲುತ್ತದೆಯೇ ನೋಡಿ, ಸಾಲದಿದ್ದರೆ ನೀವೇ ಏರಿಸಿ.

7. ಯೂಸರ್ ಮಿತಿಗಳು

"ಎಸ್‌ಯು ಹೈಫನ್ ಒರಾಕಲ್" ಅಂತ ಲಾಗಿನ್ ಆಗಿ "ಯುಲಿಮಿಟ್" ನೋಡಿ. ತೆರೆದ ಫೈಲ್‌ಗಳ ಹಾರ್ಡ್ ಮಿತಿ 65536, ಪ್ರೋಸೆಸ್ ಮಿತಿ 16384 ಇದ್ದರೆ ಸರಿ. ನಡುವಿನ ಹೈಫನ್ ಬಿಟ್ಟರೆ ರೂಟ್‌ನ ಪರಿಸರವೇ ಹಿಂಬಾಲಿಸಿ ಬಂದು ದಾರಿ ತಪ್ಪಿಸುತ್ತದೆ. ಮಿತಿ ಬದಲಿಸಿದ ಮೇಲೆ ಹೊರಗೆ ಹೋಗಿ ಮತ್ತೆ ಲಾಗಿನ್ ಆಗಿ.

8. ಫೈರ್‌ವಾಲ್ ಮತ್ತು ಎಸ್‌ಇಲಿನಕ್ಸ್

ಲಿಸನರ್ ಕೂರುವುದು 1521ನೇ ಪೋರ್ಟ್‌ನಲ್ಲಿ. ಫೈರ್‌ವಾಲ್ ಪೂರ್ತಿ ನಿಲ್ಲಿಸುವ ಬದಲು ಆ ಒಂದು ಪೋರ್ಟ್ ಮಾತ್ರ ತೆರೆಯಿರಿ, ಅದೂ ನಿಮ್ಮ ಅಪ್ಲಿಕೇಷನ್ ಸರ್ವರ್‌ನ ವಿಳಾಸಕ್ಕೆ ಮಾತ್ರ. "ಪರ್ಮನೆಂಟ್" ಆಯ್ಕೆ ಸೇರಿಸಿ, ಆಮೇಲೆ "ರೀಲೋಡ್" ಮಾಡಿ. ಗದಗದ ಶಾಖೆಯಿಂದ ಹುಬ್ಬಳ್ಳಿಯ ಡೇಟಾಬೇಸ್‌ಗೆ ಬರಬೇಕೇ? ವಿಪಿಎನ್ ಹಾಕಿ. 1521ನ್ನು ಇಂಟರ್‌ನೆಟ್‌ಗೆ ತೆರೆದಿಡುವುದು ಯಾವ ಕಾರಣಕ್ಕೂ ಬೇಡ.

ಎಸ್‌ಇಲಿನಕ್ಸ್ ಅಂದರೆ ಯಾವ ಪ್ರೋಗ್ರಾಂ ಏನು ಮುಟ್ಟಬಹುದು ಅಂತ ಕಾಯುವ ಲಿನಕ್ಸ್‌ನ ಒಳಗಿನ ಕಾವಲು. ಎಲ್ಲರೂ ಮೊದಲ ಕೆಲಸವಾಗಿ ಇದನ್ನು ಪೂರ್ತಿ ಆಫ್ ಮಾಡುತ್ತಾರೆ. ಬದಲಿಗೆ ಇನ್‌ಸ್ಟಾಲ್ ಆಗುವಷ್ಟು ಹೊತ್ತು "ಪರ್ಮಿಸಿವ್" ಇಡಿ. ಆಗ ಅದು ತಡೆಯುವುದಿಲ್ಲ, ಆಕ್ಷೇಪವನ್ನು ಬರೆದಿಡುತ್ತದೆ. ಆ ಲಾಗ್ ನೋಡಿ, ತೊಂದರೆ ಇಲ್ಲದಿದ್ದರೆ ಮತ್ತೆ "ಎನ್‌ಫೋರ್ಸಿಂಗ್" ಮಾಡಿ.

9. ಫೋಲ್ಡರ್ ಮತ್ತು ಜಿಪ್

/ಯು01/ಆ್ಯಪ್/ಒರಾಕಲ್/ಪ್ರಾಡಕ್ಟ್/19.0.0/ಡಿಬಿಹೋಮ್_1 ಅಂತ ಫೋಲ್ಡರ್ ಮಾಡಿ. /ಯು01ರ ಒಡೆತನ ಒರಾಕಲ್ ಯೂಸರ್‌ಗೂ ಒಇನ್‌ಸ್ಟಾಲ್ ಗುಂಪಿಗೂ ಕೊಡಿ, ಅನುಮತಿ 775. /ಯು02, /ಯು03ರ ಒಡೆತನವೂ ಅವರಿಗೇ.

ಹಳಬರು ಇಲ್ಲಿ ಎಡವುತ್ತಾರೆ. 12ಸಿ ಕಾಲದಲ್ಲಿ, ಇಳಿಸಿಕೊಂಡ ಒರಾಕಲ್ ಜಿಪ್ ಅನ್ನು ಎಲ್ಲೋ ಒಂದು ಕಡೆ ಬಿಚ್ಚಿ, ಇನ್‌ಸ್ಟಾಲರ್ ಓಡಿಸಿದರೆ ಅದೇ ಫೈಲ್‌ಗಳನ್ನು ಹೋಮ್‌ಗೆ, ಅಂದರೆ ಒರಾಕಲ್ ಸಾಫ್ಟ್‌ವೇರ್ ನೆಲೆಸುವ ಫೋಲ್ಡರ್‌ಗೆ, ಹಾಕುತ್ತಿತ್ತು. 18ಸಿಯಿಂದ ಹಾಗಿಲ್ಲ. ಸುಮಾರು 3 ಜಿಬಿಯ ಆ ಜಿಪ್ ಎಲ್ಲಿ ಬಿಚ್ಚುತ್ತೀರೋ ಅದೇ ಒರಾಕಲ್ ಹೋಮ್. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಬಿಚ್ಚಿದರೆ ನಿಮ್ಮ ಡೇಟಾಬೇಸ್ ಅಲ್ಲೇ ಸಂಸಾರ ಹೂಡುತ್ತದೆ. ಹಾಗಾಗಿ ಡಿಬಿಹೋಮ್_1 ಒಳಗೆ ಹೋಗಿ, ಒರಾಕಲ್ ಯೂಸರ್ ಆಗಿಯೇ ಬಿಚ್ಚಿ. ರೂಟ್ ಆಗಿ ಬಿಚ್ಚಿದರೆ ಫೈಲ್‌ಗಳೆಲ್ಲ ರೂಟ್ ಪಾಲಾಗುತ್ತವೆ. "ಒರಾಕಲ್_ಹೋಮ್", "ಒರಾಕಲ್_ಎಸ್‌ಐಡಿ" ವೇರಿಯಬಲ್‌ಗಳನ್ನು ಇನ್‌ಸ್ಟಾಲ್ ಮುಗಿದ ಮೇಲೆ ಪ್ರೊಫೈಲ್‌ಗೆ ಸೇರಿಸಿದರೆ ಸಾಕು. ಮೊದಲೇ ಇದ್ದರೆ ತೆಗೆಯಿರಿ.

10. ರೀಬೂಟ್, ತಪಾಸಣೆ, ಓಟ

ಈಗ ಒಮ್ಮೆ ರೀಬೂಟ್ ಮಾಡಿ. ಮಷೀನು ಮೇಲೆದ್ದ ಮೇಲೆ ಸ್ವಾಪ್ ಇದೆಯೇ, /ಯು01, /ಯು02, /ಯು03 ತಾವಾಗಿ ಮೌಂಟ್ ಆಗಿವೆಯೇ, /ಪ್ರಾಕ್/ಮೆಮ್‌ಇನ್ಫೊದಲ್ಲಿ ಹ್ಯೂಜ್‌ಪೇಜ್ ಸಂಖ್ಯೆ ಸರಿಯಿದೆಯೇ, ಟ್ರಾನ್ಸ್‌ಪರೆಂಟ್ ಹ್ಯೂಜ್‌ಪೇಜ್ ಫೈಲ್‌ನಲ್ಲಿ "ನೆವರ್" ಮೇಲೆ ಚೌಕ ಕಂಸ ಇದೆಯೇ ನೋಡಿ. ಇವು ಸರಿ ಇದ್ದರೆ ವರ್ಚುವಲ್ ಮಷೀನಿನವರು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ.

19ಸಿಯ ಮೂಲ ಜಿಪ್ (19.3) ಒರಾಕಲ್ ಲಿನಕ್ಸ್ 8 ಬರುವ ಮೊದಲಿನದು. ಅದಕ್ಕೆ ಈ ಲಿನಕ್ಸ್ ಪರಿಚಯವೇ ಇಲ್ಲ. "ಐಎನ್‌ಎಸ್ 08101" ಅಂತ ಎರರ್ ಕೊಟ್ಟು ನಿಲ್ಲುತ್ತದೆ. ಒರಾಕಲ್ ಯೂಸರ್ ಆಗಿ "ಸಿವಿ_ಅಸ್ಯೂಮ್_ಡಿಸ್ಟ್‌ಐಡಿ" ವೇರಿಯಬಲ್‌ಗೆ "ಒಇಎಲ್7.6" ಅಂತ ಎಕ್ಸ್‌ಪೋರ್ಟ್ ಮಾಡಿದರೆ ಮುಂದೆ ಹೋಗುತ್ತದೆ. ಇದು ಗುರುತು ಹಿಡಿಯುವ ತೊಂದರೆಗೆ ಮಾತ್ರ ಪರಿಹಾರ, ಹಳೆಯ ದೋಷಗಳಿಗಲ್ಲ. ಪ್ರತಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ರಿಲೀಸ್ ಅಪ್‌ಡೇಟ್ ಬರುತ್ತದೆ. ಬೆಂಬಲದ ಖಾತೆ ಇದ್ದವರು ಇತ್ತೀಚಿನದನ್ನು ಇಳಿಸಿ, ಹೋಮ್ ಒಳಗಿನ ಒಪ್ಯಾಚ್ (ಪ್ಯಾಚ್ ಹಾಕುವ ಸಾಧನ) ಫೋಲ್ಡರನ್ನೂ ಹೊಸದಕ್ಕೆ ಬದಲಿಸಿ, ಇನ್‌ಸ್ಟಾಲರ್‌ಗೆ "ಅಪ್ಲೈಆರ್‌ಯು" ಆಯ್ಕೆ ಕೊಟ್ಟರೆ ಪ್ಯಾಚ್ ಮಾಡಿಕೊಂಡೇ ಇನ್‌ಸ್ಟಾಲ್ ಶುರುವಾಗುತ್ತದೆ.

ಕಿಟಕಿ ತೆರೆಯುವ ಇನ್‌ಸ್ಟಾಲರ್ ಬದಲು ಸೈಲೆಂಟ್ ವಿಧಾನ ಬಳಸಿ. ಹೋಮ್ ಒಳಗಿನ ಇನ್‌ಸ್ಟಾಲ್/ರೆಸ್ಪಾನ್ಸ್ ಫೋಲ್ಡರ್‌ನಲ್ಲಿ ಮಾದರಿ ಫೈಲ್ ಇದೆ. ಅದರಲ್ಲಿ ಉತ್ತರಗಳನ್ನು ತುಂಬಿ, ಮೊದಲ ಸಲ "ಸಾಫ್ಟ್‌ವೇರ್ ಮಾತ್ರ" ಆಯ್ಕೆ ಇಡಿ. ಡಿಸ್‌ಪ್ಲೇ ತೊಂದರೆ ಬರುವುದಿಲ್ಲ, ಮುಂದಿನ ಸರ್ವರ್‌ಗೂ ಅದೇ ಫೈಲ್ ಆಗುತ್ತದೆ. "ರನ್‌ಇನ್‌ಸ್ಟಾಲರ್" ಅನ್ನು ಮೊದಲು "ಎಕ್ಸಿಕ್ಯೂಟ್‌ಪ್ರಿರೆಕ್ಸ್" ಆಯ್ಕೆಯೊಂದಿಗೆ ಓಡಿಸಿ. ಅದು ಏನನ್ನೂ ಹಾಕುವುದಿಲ್ಲ, ಬರೀ ಪರೀಕ್ಷಿಸಿ ಕೊರತೆ ಹೇಳುತ್ತದೆ. ಒಂದೊಂದನ್ನೇ ಸರಿಪಡಿಸಿ, ಮತ್ತೆ ಓಡಿಸಿ.

ನಿಜವಾಗಿ ಇನ್‌ಸ್ಟಾಲ್ ಮುಗಿದಾಗ ಎರಡು ಸ್ಕ್ರಿಪ್ಟ್ ಓಡಿಸಲು ಹೇಳುತ್ತದೆ: "ಒರಾಇನ್‌ಸ್ಟ್‌ರೂಟ್" ಮತ್ತು "ರೂಟ್". ಅದೇ ಕ್ರಮದಲ್ಲಿ ರೂಟ್ ಯೂಸರ್ ಆಗಿ ಓಡಿಸಿ. ನಡುವೆ ಏನಾದರೂ ಬಿದ್ದರೆ /ಯು01/ಆ್ಯಪ್/ಒರಾಇನ್ವೆಂಟರಿ/ಲಾಗ್ಸ್ ನೋಡಿ. ಆ ಫೋಲ್ಡರ್ ಇನ್ನೂ ಹುಟ್ಟಿರದಿದ್ದರೆ ಲಾಗ್ /ಟಿಎಂಪಿಯಲ್ಲಿ "ಇನ್‌ಸ್ಟಾಲ್‌ಆ್ಯಕ್ಷನ್ಸ್" ಅಂತ ಶುರುವಾಗುವ ಹೆಸರಿನಲ್ಲಿರುತ್ತದೆ. ನನಗೆ ಪ್ರಶ್ನೆ ಕಳಿಸುವಾಗ ಸ್ಕ್ರೀನ್‌ನ ಫೋಟೊ ಬದಲು ಆ ಲಾಗ್‌ನಲ್ಲಿ ಮೊದಲ ಎರರ್ ಬಂದ ಜಾಗದ ಸಾಲುಗಳನ್ನು ಕಳಿಸಿ.